ಮಗಳ ಕುತ್ತಿಗೆ ಕಪ್ಪಾಗಿದೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ

ಮಲ್ಲಿಗೆ ಬಳ್ಳಿ:
ಮಗಳಿಗೆ 14 ವರ್ಷ. ಒಂದು ವರ್ಷದಿಂದ ಕುತ್ತಿಗೆ ಹಿಂದೆ ಕಪ್ಪಾಗುತ್ತಾ ಬಂದಿದೆ, ಈಗ ಕಂಕುಳಲ್ಲೂ ಶುರುವಾಗಿದೆ. ಮುಟ್ಟಿದರೆ ಮಖಮಲ್ ಬಟ್ಟೆ ಥರ ದಪ್ಪ. ಕೊಳೆ ಅಂದುಕೊಂಡು ಕಡಲೆಹಿಟ್ಟು, ನಿಂಬೆಹಣ್ಣು, ಕೊನೆಗೆ ನೈಲಾನ್ ಬ್ರಷ್ ಹಾಕಿ ಉಜ್ಜಿದೆ, ಪಾಪ ಉರಿ ಉರಿ ಅಂತ ಅತ್ತಳೇ ಹೊರತು ಕಪ್ಪು ಹೋಗಲಿಲ್ಲ. ಕ್ಲಾಸಿನ ಹುಡುಗಿಯರು "ಸ್ನಾನ ಮಾಡಲ್ವಾ" ಅಂತ ಕೇಳುತ್ತಾರಂತೆ. ಶಾಲೆಯಲ್ಲಿ ಎರಡು ಜಡೆ ಕಡ್ಡಾಯ, ಅದಕ್ಕೇ ಬೆಳಿಗ್ಗೆ ಬಾಚಣಿಗೆ ಹಿಡಿದರೆ ಸಾಕು ಅಳು. ಯಾವ ಕ್ರೀಮ್ ಹಚ್ಚಲಿ?

ಸಂಜೆ ನಡಿಗೆ:
ಅಕ್ಕಾ, ಮೊದಲು ಉಜ್ಜುವುದನ್ನು ನಿಲ್ಲಿಸಿ. ಉಜ್ಜಿದಷ್ಟೂ ಕಪ್ಪು ಜಾಸ್ತಿಯಾಗುತ್ತದೆ. ನನ್ನ ಮಗನಿಗೂ ಥೇಟ್ ಹೀಗೇ ಇತ್ತು. ಚರ್ಮದ ಡಾಕ್ಟರು ಅಕಾಂಥೋಸಿಸ್ ನೈಗ್ರಿಕಾನ್ಸ್ ಅಂದರು. ರಕ್ತದ ಸಕ್ಕರೆ ಹತೋಟಿಯಲ್ಲಿಡುವ ಇನ್ಸುಲಿನ್ ಮೈಗೆ ಸರಿಯಾಗಿ ಹತ್ತದೇ ಇದ್ದಾಗ ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ, ಅದು ಜಾಸ್ತಿಯಾದಾಗ ಚರ್ಮದ ಕೋಶಗಳು ಬೇಗ ಬೇಗ ಬೆಳೆದು ಕುತ್ತಿಗೆ, ಕಂಕುಳು, ತೊಡೆಸಂದಿಯಂಥ ಮಡಿಕೆ ಜಾಗದಲ್ಲಿ ದಪ್ಪಗಾಗಿ ಕಪ್ಪಾಗುತ್ತವಂತೆ. ಅದಕ್ಕೇ ಕ್ರೀಮ್ ಬರೆಯುವ ಮೊದಲು ತೂಕ ನೋಡಿದರು, ಖಾಲಿ ಹೊಟ್ಟೆಯ ಶುಗರ್ ಮತ್ತು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಮಾಡಿಸಿದರು. ಎಚ್‌ಬಿಎ1ಸಿ 5.9 ಬಂತು. 5.7ರಿಂದ 6.4ರವರೆಗೆ ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ದಿನಾ ಸಂಜೆ ತಿನ್ನುತ್ತಿದ್ದ ಬೇಕರಿ ಪಫ್ಸ್, ಬಾಟಲಿ ಜ್ಯೂಸ್ ಬಿಡಿಸಿದೆವು, ಒಂದು ಗಂಟೆ ಶಟಲ್ ಆಡಿಸಿದೆವು. ತೂಕ ಇಳಿದ ಹಾಗೆ ಕುತ್ತಿಗೆಯೂ ತಿಳಿಯಾಯಿತು. ಎಂಟು ತಿಂಗಳು ಹಿಡಿಯಿತು, ಪೂರ್ತಿ ಹೋಗಿಲ್ಲ.

ಕಾವೇರಿ ತೀರ:
ಮಗಳಿಗೆ ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುತ್ತಿದೆಯಾ? ಇಲ್ಲ ಅಂದರೆ ಅದನ್ನೂ ಡಾಕ್ಟರಿಗೆ ಹೇಳಿ. ಪಿಸಿಓಡಿ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ಅಂಡಾಶಯದ ಸಮಸ್ಯೆ) ಇರುವ ಹುಡುಗಿಯರಲ್ಲೂ ಕುತ್ತಿಗೆ ಹೀಗೆ ಕಪ್ಪಾಗುತ್ತದೆ, ನನಗೆ ಹಾಗೇ ಗೊತ್ತಾಗಿದ್ದು.

ಹೊಂಗೆ ನೆರಳು:
ಕ್ರೀಮ್ ಕೇಳಿದ್ದೀರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎರಡನೇ ಹೆರಿಗೆ ಆದ ಮೇಲೆ ಕೆನ್ನೆ ಮೇಲೆ ಬಂಗು ಬಂತು. ಅದು ಬೇರೆ ಸಮಸ್ಯೆ, ಹಾರ್ಮೋನು ಮತ್ತು ಬಿಸಿಲಿಂದ ಬರುವಂಥದ್ದು. ಡಾಕ್ಟರ ಹತ್ತಿರ ಹೋಗದೆ ಮೆಡಿಕಲ್ ಶಾಪಿನಲ್ಲಿ ಕೊಟ್ಟ ಟ್ಯೂಬ್ ಹಚ್ಚಿದೆ. ಎರಡೇ ವಾರದಲ್ಲಿ ಮುಖ ಬೆಳ್ಳಗಾಯಿತು, ಖುಷಿಯಿಂದ ಆರು ತಿಂಗಳು ಬಿಡದೆ ಹಚ್ಚಿಕೊಂಡೆ. ಆಮೇಲೆ ಚರ್ಮ ತೆಳುವಾಗಿ ಕೆನ್ನೆಯಲ್ಲಿ ಕೆಂಪು ನರಗಳು ಕಾಣಿಸಿದವು, ಒಂದು ದಿನ ಬಿಟ್ಟರೂ ಉರಿ, ಬಂಗು ಮೊದಲಿಗಿಂತ ಕಪ್ಪಾಗಿ ವಾಪಸ್ ಬಂತು. ಅದರಲ್ಲಿ ಕಪ್ಪು ತಿಳಿ ಮಾಡುವ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆ ಚರ್ಮ ತೆಳುವಾಗಿಸುವ ಸ್ಟೀರಾಯ್ಡ್ ಇತ್ತು. ದಯವಿಟ್ಟು ಮಗುವಿಗೆ ಚೀಟಿ ಇಲ್ಲದೆ ಏನೂ ಹಚ್ಚಬೇಡಿ.

ಮಲ್ಲಿಗೆ ಬಳ್ಳಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದೆ, ವಯಸ್ಸು ಚಿಕ್ಕದು ಅಂತ ಸುಮ್ನಿದ್ದೆ. ಬ್ರಷ್ ಎಸೆದೆ, ಅವಳ ಹತ್ತಿರ ತಪ್ಪಾಯ್ತು ಅಂತಲೂ ಹೇಳಿದೆ. ಶನಿವಾರ ರಕ್ತ ಕೊಡಿಸುತ್ತೇನೆ. ಖಾಲಿ ಹೊಟ್ಟೆ ಅಂದರೆ ಎಷ್ಟು ಗಂಟೆ?

ಸಂಜೆ ನಡಿಗೆ:
ಕಡಿಮೆ ಅಂದರೆ 8 ಗಂಟೆ. ರಾತ್ರಿ ಬೇಗ ಊಟ ಮಾಡಿಸಿ. ನೀರು ಕುಡಿಯಬಹುದು, ಬೆಳಿಗ್ಗೆ ಹಾಲನ್ನೂ ಕೊಡಬೇಡಿ.