ಸಹಾಯ ಬೇಕು: ಮಹೀಂದ್ರಾ ಥಾರ್ ಜೀಪಿಗೆ 16 ಇಂಚಿನ ಸ್ಟೀಲ್ ರಿಮ್, ಹಳೆ ಸೆನ್ಸರ್ ಕೂಡ್ತಾವೇನ್ರಿ?

ಅಣ್ಣೋರೆ, 18 ಇಂಚಿನ ಅಲಾಯ್ ತೆಗೆದು 16ರ ಸ್ಟೀಲ್ ರಿಮ್ ಹಾಕೋದದ. ಗಾಳಿ ಒತ್ತಡದ ಹಳೆ ಸೆನ್ಸರ್‌ಗೆ ಲೋಹದ ವಾಲ್ವ್, ನಟ್ ಬಿಗಿಯೋ ನಮೂನೆ. ಸ್ಟೀಲ್ ರಿಮ್ಮಿನ ತೂತಿನ ಸುತ್ತ ಸಪಾಟ ಜಾಗ ಇಲ್ಲಂದ್ರ ರಬ್ಬರ್ ವಾಷರ್ ಓರೆ ಕೂತು ಗಾಳಿ ಸೋರ್ತದ. ಸೆನ್ಸರ್ ಬೆನ್ನು ರಿಮ್ಮಿಗೆ ತಾಗಿದ್ರ ಬಿಗಿಯೋವಾಗ ಒಡೀತದ.

ಹಂಗಾಗಿ ರಬ್ಬರ್ ವಾಲ್ವಿನ, 433 ಮೆಗಾಹರ್ಟ್ಸ್ ರೇಡಿಯೋ ಸಿಗ್ನಲ್‌ನ, ಪ್ರೋಗ್ರಾಮ್ ಆಗೋ ಸೆನ್ಸರ್ 4 ಬೇಕು. ಹಳೆ ಸೆನ್ಸರ್‌ನ ಐಡಿ (ಗಾಡಿ ಗುರುತು ಹಿಡಿಯೋ ನಂಬರ್) ಹೊಸದಕ್ಕ ಕಾಪಿ ಮಾಡೋ ಟೂಲ್ ಕಲಬುರಗಿ ಹುಮನಾಬಾದ್ ರಿಂಗ್ ರಸ್ತೆ ಕಡೆ ಯಾರ ಹತ್ರ ಅದ? ಇಲ್ಲಾಂದ್ರ ಬೀದರ್ ಆದ್ರೂ ನಡೀತದ. ಐಡಿ ಅದೇ ಇದ್ರ ಗಾಡಿಗೆ ಮತ್ತ ಕಲಿಸೋ ಕೆಲಸ ಇರೋದಿಲ್ಲ.

ಇನ್ನೊಂದು: ಎರಿ ಹೊಲದಾಗ ಗಾಳಿ 18 ಪಿಎಸ್‌ಐಗೆ ಇಳಿಸಿದ್ರ ಎಚ್ಚರಿಕೆ ದೀಪ ಹತ್ತೇ ಹತ್ತತದ, ಗೊತ್ತದ. ಆ ಎಚ್ಚರಿಕೆ ಮಿತಿ ಬದಲಿಸ್ಲಿಕ್ಕ ಬರ್ತದೇನ್ರಿ?

ಪಂಚರ್ ಲಿಕ್ವಿಡ್ ಹಾಕ್ರಿ ಅನ್ನಬ್ಯಾಡ್ರಿ, ಸೆನ್ಸರ್ ತೂತು ಕಟ್ಕೋತದ.