ಅಮ್ಮನನ್ನು ಆರೈಕೆ ಮನೆಗೆ ಸೇರಿಸುವ ಮುಂಚೆ ಏನು ಕೇಳಬೇಕು?

ಪ್ರಶ್ನೆ: ಸಿಸ್ಟರ್, ನಮಸ್ತೆ. ಅಮ್ಮನಿಗೆ 76 ವರ್ಷ. ನಾಲ್ಕು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲಿನಲ್ಲಿ ಶಕ್ತಿ ಇಲ್ಲ. ನಾನು, ನನ್ನ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮೈಸೂರಿನಲ್ಲಿ ಗಂಡ ಹೆಂಡತಿ ಸೇರಿ ನಡೆಸುವ ಒಂದು ಕಡೆ ನೋಡಿ ಬಂದೆವು. ಬೋರ್ಡಿನಲ್ಲಿ ‘ನರ್ಸಿಂಗ್ ಹೋಮ್’ ಅಂತಿದೆ. ಹತ್ತು ಜನ ಹಿರಿಯರಿದ್ದಾರೆ. ಚೊಕ್ಕಟವಾಗಿದೆ. ಸೇರಿಸುವ ಮುಂಚೆ ಏನೇನು ಕೇಳಬೇಕು?

ಉತ್ತರ (ಸಿಸ್ಟರ್): ಮೊದಲು ಬೋರ್ಡಿನ ವಿಷಯ. ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದರೆ ಸಣ್ಣ ಆಸ್ಪತ್ರೆ. ಅದಕ್ಕೆ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು. ಪತ್ರ ತೋರಿಸಿ ಅನ್ನಿ. ಬರೀ ವೃದ್ಧರ ಮನೆಯಾದರೆ ಯಾವ ಡಾಕ್ಟರು, ಎಷ್ಟು ದಿನಕ್ಕೊಮ್ಮೆ ಬರುತ್ತಾರೆ ಅಂತ ಕೇಳಿ. ಅಡ್ವಾನ್ಸ್ ವಾಪಸ್ ಕೊಡುವ ಮಾತನ್ನು ಬರೆಸಿಕೊಳ್ಳಿ.

ಹಗಲು ಹೊತ್ತು ಎಲ್ಲಾ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ನೀವು ಕೇಳಬೇಕಾದದ್ದು ರಾತ್ರಿಯ ಬಗ್ಗೆ. ರಾತ್ರಿ ಎರಡು ಗಂಟೆಗೆ ಯಾರು ಎಚ್ಚರ ಇರುತ್ತಾರೆ? ‘ಕರೆದರೆ ಏಳುತ್ತೇವೆ’ ಅನ್ನೋದು ಸಾಲದು. ಅಮ್ಮನಿಗೆ ತಾವಾಗಿಯೇ ಮಗ್ಗುಲು ಬದಲಿಸಲು ಆಗದಿದ್ದರೆ, ಸುಮಾರು ಎರಡು ಗಂಟೆಗೊಮ್ಮೆ ಯಾರಾದರೂ ಬದಲಿಸಬೇಕು. ಇಲ್ಲದಿದ್ದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣು ಶುರುವಾಗುತ್ತದೆ. ಏರ್ ಬೆಡ್ ಇದೆಯಲ್ಲ ಅಂತ ಸುಮ್ನೆ ಇರುವವರೂ ಇದ್ದಾರೆ. ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸಲೇಬೇಕು. ಯಾವ ಹೊತ್ತಿಗೆ ಬದಲಿಸಿದರು ಅಂತ ಬರೆದಿಡುವ ಪುಸ್ತಕ ಇದೆಯಾ ನೋಡಿ.

ಒಂದು ಸಲ ಊಟದ ಹೊತ್ತಿಗೆ ಹೋಗಿ ಕೂತು ನೋಡಿ. ಸ್ಟ್ರೋಕ್ ಆದವರಿಗೆ ಅವಸರದ ತುತ್ತು ಅಪಾಯ. ನೆಟ್ಟಗೆ ಕೂರಿಸಬೇಕು, ಸಣ್ಣ ತುತ್ತು ಕೊಡಬೇಕು. ಶಕ್ತಿ ಇಲ್ಲದ ಕಡೆ ಕೆನ್ನೆಯೊಳಗೆ ಅನ್ನ ಉಳಿದುಬಿಡುತ್ತದೆ, ಬಾಯಿ ತೆಗೆಸಿ ನೋಡಬೇಕು. ಊಟವಾಗಿ ಅರ್ಧ ಗಂಟೆ ಮಲಗಿಸಬಾರದು. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ತಡ ಮಾಡದೆ ಡಾಕ್ಟರಿಗೆ ಹೇಳಿ. ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಮತ್ತೆ, ಎಡಗೈ ಹಿಡಿದು ಎಳೆದು ಎಬ್ಬಿಸಬಾರದು, ಭುಜದ ಕೀಲು ಜಾರುತ್ತದೆ. ಇದನ್ನು ಅಲ್ಲಿನ ಆಯಾಗೆ ನೀವೇ ಹೇಳಿ.

ಇನ್ನೊಬ್ಬರ ಪ್ರಶ್ನೆ: ಮನೆಯವರೇ ನಡೆಸುವ ಕಡೆ, ಅವರ ಮನೆಯಲ್ಲೇ ಮದುವೆ, ಸಾವು ಅಂತ ಬಂದರೆ ಹಿರಿಯರ ಗತಿ ಏನು ಸಿಸ್ಟರ್?

ಉತ್ತರ (ಸಿಸ್ಟರ್): ನಾವೂ ಮನೆಯವರೇ ಸೇರಿ ಆರೈಕೆ ಮನೆ ನಡೆಸುವವರು. ನಮ್ಮ ಮಾವ ತೀರಿಕೊಂಡ ದಿನ ನಮ್ಮಲ್ಲಿ ಒಂಬತ್ತು ಜನ ಹಿರಿಯರು ಇದ್ದರು. ಮನೆಯಲ್ಲಿ ಒಲೆ ಹಚ್ಚುವ ಹಾಗಿರಲಿಲ್ಲ. ಆದರೆ ಸಕ್ಕರೆ ಕಾಯಿಲೆಯವರಿಗೆ ಬೆಳಿಗ್ಗೆ ಇನ್ಸುಲಿನ್, ಅದರ ಹಿಂದೆಯೇ ತಿಂಡಿ ಆಗಲೇಬೇಕು ಅಲ್ವಾ? ಹಿಂದಿನ ಬೀದಿಯವರು ಇಡ್ಲಿ ಮಾಡಿ ಕಳಿಸಿದರು. ಅವರ ಋಣ ದೊಡ್ಡದು. ಆಮೇಲೆ ಬದಲಿ ಅಡುಗೆಯವರು, ಬದಲಿ ನರ್ಸ್ ಇಬ್ಬರನ್ನೂ ಗೊತ್ತು ಮಾಡಿ ನಂಬರನ್ನು ಗೋಡೆಗೆ ಅಂಟಿಸಿದೆ. ನೀವು ನೋಡಿದ ಮನೆಯಲ್ಲಿ ಅಂಥವರು ಯಾರು ಅಂತ ಕೇಳಿ. ಎಲ್ಲಾದರೂ ಹಿರಿಯರನ್ನು ಸರಿಯಾಗಿ ನೋಡಿಕೊಳ್ಳದೆ ಇರುವುದು ಕಂಡರೆ ಹಿರಿಯರ ಸಹಾಯವಾಣಿ 14567 ಇದೆ.

ಮೊದಲು ಕೇಳಿದವರು: ಅಮ್ಮ ಬರಲ್ಲ ಅಂತಿದ್ದಾರೆ. ಎರಡೇ ದಿನ ಅಂತ ಹೇಳಿ ಕರ್ಕೊಂಡು ಹೋಗಲಾ?

ಉತ್ತರ (ಸಿಸ್ಟರ್): ದಯವಿಟ್ಟು ಬೇಡ. ಮೂರನೇ ದಿನ ಬೆಳಿಗ್ಗೆ ಬಟ್ಟೆ ಚೀಲ ಹಿಡಿದು ಬಾಗಿಲ ಹತ್ತಿರ ಕೂತವರನ್ನು ನಾನು ನೋಡಿದ್ದೇನೆ. ಆಮೇಲೆ ಅವರು ಮಗನನ್ನೂ ನಂಬಲಿಲ್ಲ, ನಮ್ಮನ್ನೂ ನಂಬಲಿಲ್ಲ. ನಿಜ ಹೇಳಿ. ಮೊದಲು ಒಂದು ದಿನ ಸುಮ್ನೆ ಕರ್ಕೊಂಡು ಹೋಗಿ, ಅಲ್ಲೇ ಊಟ ಮಾಡಿಸಿ. ಸೇರಿಸುವಾಗ ಅವರ ಸ್ಟೀಲ್ ಲೋಟ, ಹೊದಿಕೆ, ದೇವರ ಪಟ ಜೊತೆಗಿರಲಿ. ನೀವು ಯಾವ ವಾರ ಬರುತ್ತೀರಿ ಅಂತ ಗೊತ್ತು ಮಾಡಿ. ಬರಲಾಗದ ದಿನ ಬೆಳಿಗ್ಗೆಯೇ ಫೋನ್ ಮಾಡಿ ಅವರ ಹತ್ತಿರವೇ ಹೇಳಿ. ಇಲ್ಲದಿದ್ದರೆ ತಲೆ ಬಾಚಿಸಿಕೊಂಡು ಸಂಜೆಯವರೆಗೂ ಕಾಯುತ್ತಾರೆ.