ವಿಷಯ: ‘ಸ್ಕ್ರೀನಿಂಗ್ ಅಪ್‌ಟೇಕ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಇಂಗ್ಲೆಂಡಿನಲ್ಲಿ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಸ್ಕ್ರೀನಿಂಗ್ ಮಾಡಿಸಿಕೊಳ್ಳುವ ಗಂಡಸರಲ್ಲಿ ಉಳ್ಳವರೇ ಜಾಸ್ತಿ. ಈ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಾ ‘ಅಪ್‌ಟೇಕ್’ (ಅಂದರೆ ಮಾಡಿಸಿಕೊಳ್ಳಬಹುದಾದವರಲ್ಲಿ ಎಷ್ಟು ಜನ ಮಾಡಿಸಿಕೊಂಡರು ಅನ್ನುವುದು) ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

‘ಸ್ಪಂದನೆ’ ಎಂದು ಬರೆದು ಮುಂದೆ ಹೋಗಬಹುದಿತ್ತು. ಸ್ತನ ಕ್ಯಾನ್ಸರಿಗಾದರೆ ಅದು ನಡೆಯುತ್ತದೆ. ಅಲ್ಲಿ 50ರಿಂದ 71ರೊಳಗಿನ ಹೆಂಗಸರಿಗೆ 3 ವರ್ಷಕ್ಕೊಮ್ಮೆ ಪತ್ರ ಬರುತ್ತದೆ. ಕರೆದವರಲ್ಲಿ ಎಷ್ಟು ಜನ ಬಂದರು ಅನ್ನುವುದೇ ಲೆಕ್ಕ. ಪ್ರಾಸ್ಟೇಟಿಗೆ ಹಾಗೆ ಎಲ್ಲ ಗಂಡಸರನ್ನೂ ಕರೆಯುವ ಏರ್ಪಾಡು ಇಲ್ಲ. 50 ದಾಟಿದವರು ತಾವೇ ಡಾಕ್ಟರನ್ನು ಕೇಳಿದರೆ ಈ ಕ್ಯಾನ್ಸರಿನ ಸುಳಿವು ಕೊಡಬಲ್ಲ ಪಿಎಸ್‌ಎ ಎಂಬ ರಕ್ತಪರೀಕ್ಷೆ ಪುಕ್ಕಟೆ. ಕರೆಯೇ ಇಲ್ಲದ ಮೇಲೆ ಸ್ಪಂದನೆ ಎಲ್ಲಿಂದ ಬಂತು? ‘ಬಡವರಲ್ಲಿ ನಿರಾಸಕ್ತಿ’ ಅಂದರಂತೂ ತಪ್ಪೆಲ್ಲ ಅವರ ತಲೆಗೇ ಕಟ್ಟಿದಂತೆ. ಇಂಥ ಪರೀಕ್ಷೆ ಇದೆಯೆಂದು ಗೊತ್ತಿರಬೇಕು, ಕೆಲಸ ಬಿಟ್ಟು ಹೋಗಲು ಆಗಬೇಕು, ಡಾಕ್ಟರ ಮುಂದೆ ಬಾಯಿಬಿಟ್ಟು ಕೇಳುವ ಧೈರ್ಯವೂ ಬೇಕು. ಸದ್ಯಕ್ಕೆ ‘ಕೇಳಿ ಮಾಡಿಸಿಕೊಂಡವರ ಪ್ರಮಾಣ’ ಎಂದಿಟ್ಟಿದ್ದೇನೆ. ಉದ್ದವಾಯ್ತು, ಅಲ್ವಾ?

‘ಸ್ಕ್ರೀನಿಂಗ್’ಗೆ ಬರೀ ‘ತಪಾಸಣೆ’ ಸಾಲದು. ಉಚ್ಚೆ ಕಟ್ಟಿಕೊಂಡು ಆಸ್ಪತ್ರೆಗೆ ಓಡಿದವನಿಗೆ ಮಾಡುವುದೂ ತಪಾಸಣೆಯೇ. ಇದು ಏನೂ ತೊಂದರೆ ಕಾಣದವರಿಗೆ ಮಾಡುವಂಥದ್ದು. ‘ಮುಂಚಿನ ತಪಾಸಣೆ’ ಅಂದರೆ ‘ಹಿಂದೊಮ್ಮೆ ಮಾಡಿದ್ದು’ ಎಂದು ಓದಿಕೊಳ್ಳುತ್ತಾರೆ. ನನ್ನ ಮತ ‘ಸ್ಕ್ರೀನಿಂಗ್’ಗೇ.

ಕ್ರಿಯಾಪದದಲ್ಲೂ ಒಂದು ತೊಡಕಿದೆ. ಸ್ಥಿತಿವಂತರ ಬಡಾವಣೆಗಳಲ್ಲಿ ಪರೀಕ್ಷೆ ಹೆಚ್ಚು, ಅದಕ್ಕೇ ಲೆಕ್ಕಕ್ಕೆ ಸಿಗುವ ಕ್ಯಾನ್ಸರೂ ಹೆಚ್ಚು. ‘ಉಳ್ಳವರಿಗೆ ಜಾಸ್ತಿ ಬರುತ್ತದೆ’ ಎಂದು ಬರೆದರೆ ಓದುಗ ದಾರಿ ತಪ್ಪುತ್ತಾನೆ. ‘ಜಾಸ್ತಿ ಪತ್ತೆಯಾಗುತ್ತದೆ’ ಅನ್ನಬೇಕು. ಹೀಗೆ ಪತ್ತೆಯಾದವುಗಳಲ್ಲಿ ಜೀವಮಾನವಿಡೀ ಸುಮ್ನೆ ಇದ್ದುಬಿಡುವಂಥವೂ ಇರುತ್ತವೆ. ಬಡವರಲ್ಲಿ ಬೇರೆ ಕಡೆಗೆ ಹರಡಿದ ಮೇಲೆ ಗೊತ್ತಾಗುವುದು ಜಾಸ್ತಿ.

ಕೊನೆಯದು, ‘ಡಿಪ್ರೈವ್ಡ್ ಏರಿಯಾ’. ಇಂಗ್ಲೆಂಡಿನಲ್ಲಿ ಆದಾಯ, ಕೆಲಸ, ಓದು, ವಸತಿ ಇವನ್ನೆಲ್ಲ ಸೇರಿಸಿ ಒಂದೊಂದು ಬಡಾವಣೆಯ ಸ್ಥಿತಿ ಅಳೆಯುತ್ತಾರೆ. ‘ಹಿಂದುಳಿದ’ ಅಂದರೆ ನಮ್ಮವರಿಗೆ ಮೀಸಲಾತಿ ನೆನಪಾಗುತ್ತದೆ. ‘ವಂಚಿತ’ ಅಂದರೆ ಯಾರೋ ಮೋಸ ಮಾಡಿದ ಹಾಗೆ. ‘ಬಡ ಬಡಾವಣೆ’ ಬರೆದು ನಾನೇ ನಕ್ಕು ಅಳಿಸಿದೆ. ‘ಅನುಕೂಲ ಕಡಿಮೆ ಇರುವ ಬಡಾವಣೆ’ ನಡೆದೀತೇ? ಪತ್ರಿಕೆಯಲ್ಲಿ ಕೆಲಸ ಮಾಡುವವರು ಏನು ಬಳಸುತ್ತೀರಿ, ದಯವಿಟ್ಟು ತಿಳಿಸಿ.